ಮಕ್ಕಳ ಬದಲಿಗೆ ಬಂದ ಐಸ್ ಗಾಡಿ

ರುದ್ನೋ, ಸ್ಲೊವೇನಿಯಾ
೨ ಸೆಪ್ಟೆಂಬರ್ ೨೦೧೩

ಉರ್ಬಾನ್,

ಫೋನು ಮಾಡಿದರೆ ನೀನು ನಗುತ್ತೀಯ, ನಾನು ಕೂಗಾಡುತ್ತೇನೆ, ಕೊನೆಗೆ ಇಬ್ಬರಲ್ಲೊಬ್ಬರು ಫೋನು ಕುಕ್ಕುತ್ತೇವೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದರಲ್ಲಿ ನೀನು ನನ್ನ ಮಾತಿಗೆ ಅಡ್ಡ ಬಾಯಿ ಹಾಕಲಾರೆ.

ನೀನು ಕೆಲಸ ಮಾಡುವ ಸ್ವಿಸ್ ಐಸ್ ಹಾಕಿ ಅಕಾಡೆಮಿ ಕಳಿಸಿದ ಐಸ್ ಗಾಡಿ ನಿನ್ನೆ ಬಂತು. ಉಕ್ಕಿನ ಕಾರ್ಖಾನೆಯ ಬ್ಯಾಂಡಿನವರು ಊದಿದರು, ಪಾದ್ರಿಗಳು ಪವಿತ್ರಜಲ ಎರಚಿದರು. ನಮ್ಮ ಕ್ಲಬ್ಬಿನ ಅಧ್ಯಕ್ಷ ಡ್ರಾಗೋ ಹ್ರೋವತ್ ತನ್ನ ಟೈಲ್ಸ್ ಅಂಗಡಿಯಲ್ಲಿ ಹೊಸ ಮಾಲು ತೋರಿಸುವವನ ಹಾಗೆ ಅದರ ಮೈ ಸವರುತ್ತಾ ನಿಂತಿದ್ದ. ಮಕ್ಕಳು ಆಡಿ ಗೀರಿದ ಐಸನ್ನು ಹೆರೆದು, ಮೇಲೆ ಬಿಸಿನೀರು ಹರಿಸಿ, ಒಂದೇ ಸುತ್ತಿನಲ್ಲಿ ಕನ್ನಡಿ ಮಾಡಿಬಿಟ್ಟಿತು. ನಾನೂ ಚಪ್ಪಾಳೆ ತಟ್ಟಿದೆ. ನಮ್ಮ ಹಳೇ ಗಾಡಿ ಹೊಗೆ ಕಾರಿ ಕಾರಿ ಮಕ್ಕಳನ್ನು ಕೆಮ್ಮಿಸುತ್ತಿದ್ದದ್ದನ್ನು ಕಂಡವಳು ನಾನು. ಖುಷಿಯಾಗದೆ ಇರುತ್ತದೆಯೇ?

ಆಮೇಲೆ ಹೊರಗೆ ಚಪ್ಪರದಡಿ ಸಾಸೇಜು, ಸಾಸಿವೆ, ಪ್ಲಮ್ ಬ್ರಾಂಡಿ. ಮೂರನೇ ಲೋಟದ ಹೊತ್ತಿಗೆ ಡ್ರಾಗೋ ನನ್ನ ಹೆಗಲ ಮೇಲೆ ಕೈಯಿಟ್ಟು, "ನಿನ್ನ ತಮ್ಮನಿಗೆ ಥ್ಯಾಂಕ್ಸ್ ಹೇಳಮ್ಮ ವೀದಾ. ಪುಕ್ಕಟೆ ಗಾಡಿ. ಐದು ವರ್ಷ ನಮ್ಮ ಮಕ್ಕಳನ್ನ ಮೊದಲು ಆರಿಸ್ಕೊಳ್ಳೋ ಹಕ್ಕು ಅವರಿಗೆ, ಅಷ್ಟೆ" ಅಂದ.

"ಹಕ್ಕು ಅಂದ್ರೆ?"

"ಅಂದ್ರೆ ಅವರು ಬೇಕು ಅಂದೋರು ಅಲ್ಲಿಗೆ."

"ಬೇಡ ಅಂದೋರು?"

"ಅವರು ನಿನಗೇ ಇರ್ಲಿ ಬಿಡು" ಅಂತ ನಕ್ಕ.

ಒಪ್ಪಂದ ಬರೆಸಿದವನು ನೀನಂತೆ. ಸೇತುವೆ ಹೋಟೆಲಿನಲ್ಲಿ ಅವನ ಜೊತೆ ಕೂತು ಬರೆದೆಯಂತೆ. ನನ್ನ ಬೀದಿಯ ತಿರುವಿನವರೆಗೂ ಬಂದು ಅಲ್ಲಿಂದಲೇ ಕಾರು ತಿರುಗಿಸಿದೆಯಲ್ಲ, ಅಕ್ಕನ ಮನೆಯ ಗಂಜಿ ಗಂಟಲಲ್ಲಿ ಇಳಿಯುವುದಿಲ್ಲ ಅಂತ ಗೊತ್ತಿತ್ತು ತಾನೆ?

ಲೆನಾರ್ಟ್ ಸೂಷ್ನಿಕ್ ಭಾನುವಾರ ನಿಮ್ಮಲ್ಲಿಗೆ ಹೊರಡುತ್ತಾನೆ. ಅವನಿಗೆ ಹದಿನಾಲ್ಕು. ಐದು ವರ್ಷದವನಿದ್ದಾಗ ಅವನಮ್ಮ ಮಿಲೆನಾ, ಶಾಲೆಯ ಅಡುಗೆಮನೆಯವಳು, ಅವನ ಕೈಯನ್ನು ನನ್ನ ಕೈಗಿಟ್ಟು, "ಮನೇಲಿ ಒಂದು ಕುರ್ಚಿ ನೆಟ್ಟಗಿಡಲ್ಲ, ನೀವೇ ಇಟ್ಕೊಳ್ಳಿ" ಅಂದಿದ್ದಳು. ಆ ಚಳಿಗಾಲವೆಲ್ಲ ಅವನು ಐಸ್ ಮೇಲೆ ಬೀಳದ ಹಾಗೆ ಒಂದು ಕುರ್ಚಿಯನ್ನೇ ತಳ್ಳುತ್ತಾ ನಡೆದ. ಈಗ ಅವನು ಕೋಲಿನ ತುದಿಯಲ್ಲಿ ಪಕ್ ಬಿಲ್ಲೆ ಹಿಡಿದು ತಿರುಗಿದರೆ ಎದುರಿನ ಹುಡುಗರು ಇವನೆಲ್ಲಿ ಹೋದ ಅಂತ ಸುತ್ತ ನೋಡುತ್ತಾರೆ. ಅವನ ಜೊತೆಗೆ ಇನ್ನಿಬ್ಬರು ಹೊರಟಿದ್ದಾರೆ. ಹಿಂದಿನ ವರ್ಷಗಳಲ್ಲಿ ಹೋದವರಲ್ಲಿ ಒಬ್ಬ ಮಾತ್ರ ಅಲ್ಲೇ ಉಳಿದುಕೊಂಡ. ಮಿಕ್ಕವರನ್ನು ನೀವು ಬಸ್ಸು ಹತ್ತಿಸಿ ಕಳಿಸಿದಿರಿ. ಊರಿಗೆ ಬಂದರು, ಐಸ್ ಅಂಗಳಕ್ಕೆ, ನಮ್ಮ ರಿಂಕಿಗೆ, ಬರಲಿಲ್ಲ. ಬಜಾರಿನಲ್ಲಿ ನನ್ನನ್ನು ಕಂಡರೆ ರಸ್ತೆ ದಾಟುತ್ತಾರೆ. ಕೆನೆ ತೆಗೆದುಕೊಂಡು ಹಾಲನ್ನು ಮೋರಿಗೆ ಸುರಿಯುವ ಜನ ನೀವು.

ನಿನ್ನ ಮೇಲಿನ ಸಿಟ್ಟನ್ನು ಹುಡುಗನ ಮೇಲೆ ತೀರಿಸುವುದಿಲ್ಲ. ಬೆನ್ನು ತಟ್ಟಿಯೇ ಕಳಿಸುತ್ತೇನೆ. ಆದರೆ ಒಂದು ಹೇಳು. ನಿನಗೆ ಸ್ಕೇಟಿನ ಲಾಡಿ ಕಟ್ಟಿ ಐಸ್ ಮೇಲೆ ನಿಲ್ಲಿಸಿದವಳು ನಾನು. ಆಗ ಯಾರಾದರೂ ನನಗೊಂದು ಗಾಡಿ ಕೊಟ್ಟು ಬದಲಿಗೆ ನಿನ್ನನ್ನು ಕೊಡು ಅಂತ ಕೇಳಿದ್ದರೆ ನಾನು ಏನು ಮಾಡಬೇಕಿತ್ತು?

ವೀದಾ


ಓಬರ್‌ಹಾಲ್ಡ್, ಸ್ವಿಟ್ಜರ್ಲೆಂಡ್
೧೫ ಸೆಪ್ಟೆಂಬರ್ ೨೦೧೩

ಅಕ್ಕಾ,

ಕೊಟ್ಟುಬಿಡಬೇಕಿತ್ತು. ನಿನ್ನ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಅಷ್ಟೆ.

ಹತ್ತೊಂಬತ್ತು ತುಂಬಿದ ಮೇಲೆ ನನ್ನ ಆಟವನ್ನು ಹೊರಗಿನವರು ಯಾರೋ ನೋಡಿದರು. ಅಷ್ಟೊತ್ತಿಗೆ ಮುಗಿದುಹೋಗಿತ್ತು. ಎರಡನೇ ದರ್ಜೆ, ಮೂರನೇ ದರ್ಜೆ ತಂಡಗಳಲ್ಲಿ ಬಸ್ಸಿನ ಕಿಟಕಿಗೆ ತಲೆಯಾನಿಸಿಕೊಂಡೇ ನನ್ನ ಹರೆಯ ಕಳೆಯಿತು. ನಿನ್ನಂಥ ಗುರು ಸಿಕ್ಕಿಯೂ ಹಾಗಾಯಿತು ಅಂದರೆ ತಪ್ಪು ನಿನ್ನದಲ್ಲ, ಊರಿನದು, ದೇಶದ್ದು. ನಮ್ಮ ದೇಶದ ರಿಂಕುಗಳನ್ನೆಲ್ಲ ಎರಡು ಕೈಗಳ ಬೆರಳಲ್ಲಿ ಎಣಿಸಿ ಮುಗಿಸಬಹುದು. ಇಲ್ಲಿ ಈ ಒಂದು ಕಣಿವೆಯಲ್ಲೇ ಅಷ್ಟಿವೆ. ಮಾರ್ಚಿ ತಿಂಗಳಲ್ಲಿ ನಿನ್ನ ಐಸ್ ಕರಗಿದ ಮೇಲೆ ನಿನ್ನ ಮಕ್ಕಳು ಏನು ಮಾಡುತ್ತಾರೆ? ಸೈಕಲ್ ಹೊಡೆಯುತ್ತಾರೆ. ಇಲ್ಲಿಯ ಮಕ್ಕಳು ಆಡುತ್ತಾರೆ. ಹೋದ ವರ್ಷ ಹಳೇ ಗಾಡಿ ಕೆಟ್ಟು ರಿಂಕಿನ ಬಾಗಿಲು ಹಾಕಿದಾಗ ಫೋನಿನಲ್ಲಿ ಅತ್ತವಳು ಯಾರು? "ಏನಾದ್ರೂ ಮಾಡೋ ಉರ್ಬಾನ್" ಅಂದವಳು ಯಾರು? ಮಾಡಿದೆ. ಈಗ ಮಾಡಿದ್ದೇ ತಪ್ಪಾಯಿತು.

ಲೆನಾರ್ಟ್‌ಗೆ ಒಳ್ಳೆಯ ಕೋಣೆ ಕೊಟ್ಟಿದ್ದೇವೆ. ತಿರುಗುವುದಕ್ಕೆ ಒಬ್ಬ, ಹೊಡೆಯುವುದಕ್ಕೆ ಒಬ್ಬ, ಮೈಕಟ್ಟಿಗೆ ಒಬ್ಬ ಅಂತ ಕೋಚುಗಳಿದ್ದಾರೆ. ನೀನು ಒಬ್ಬಳೇ ಮಾಡುತ್ತಿದ್ದದ್ದನ್ನು ಇಲ್ಲಿ ಮೂವರು ಮಾಡುತ್ತಾರೆ. ಇದನ್ನು ಹೊಗಳಿಕೆ ಅಂತಲೇ ತಗೋ.

ಮನೆಗೆ ಬರದೆ ಹೋದದ್ದು ನಿಜ. ನೀನು ಹೀಗೆಲ್ಲ ಅನ್ನುತ್ತೀಯ ಅಂತ ಗೊತ್ತಿತ್ತು.

ನಿನ್ನ ತಮ್ಮ,
ಉರ್ಬಾನ್


ಓಬರ್‌ಹಾಲ್ಡ್
೨೦ ಅಕ್ಟೋಬರ್ ೨೦೧೩

ವೀದಾ ಅತ್ತೆ,

ನಾನು ಚೆನ್ನಾಗಿದ್ದೇನೆ. ಇಲ್ಲಿ ಐಸ್ ಯಾವಾಗಲೂ ಇರುತ್ತದೆ, ಬೇಸಿಗೆಯಲ್ಲೂ ಇರುತ್ತದಂತೆ. ಊಟಕ್ಕೆ ದಿನಾ ಕೋಳಿ ಮತ್ತು ಅನ್ನ. ನನ್ನ ಕೋಣೆಯಲ್ಲಿ ಲಾಟ್ವಿಯಾದ ಹುಡುಗನಿದ್ದಾನೆ. ಅವನಿಗೂ ಜರ್ಮನ್ ಬರುವುದಿಲ್ಲ, ಹಾಗಾಗಿ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದುತ್ತದೆ.

ದೊಡ್ಡ ಕೋಚ್ ನನ್ನ ಹೆಸರು ಹೇಳುವುದಿಲ್ಲ. "ಸ್ಲೊವೇನಿಯಾ, ಬೇಗ" ಅಂತಾರೆ. ನನ್ನ ಕೋಣೆಯವನನ್ನು "ಲಾಟ್ವಿಯಾ" ಅಂತಾರೆ. ನಾವಿಬ್ಬರೂ ಕಿತ್ತಾಡಿದರೆ ಎರಡು ದೇಶಗಳ ಯುದ್ಧ ಆಗುತ್ತದೆ ಅಂತ ಅವನು ತಮಾಷೆ ಮಾಡಿದ. ಆಟದಲ್ಲಿ ನನ್ನನ್ನು ನಡುವಿನ ಜಾಗದಿಂದ ತೆಗೆದು ಎಡಬದಿಗೆ ಹಾಕಿದ್ದಾರೆ. ನಡುವೆ ಆಡುವುದಕ್ಕೆ ಇಲ್ಲಿಯವರೇ ಇದ್ದಾರೆ. ಪರವಾಗಿಲ್ಲ, ಅಭ್ಯಾಸವಾಗುತ್ತದೆ.

ಮೊಣಕಾಲಿನ ಕೆಳಗೆ ನೋಯುತ್ತದೆ. ಮೆಟ್ಟಿಲು ಇಳಿಯುವಾಗ ಮಾತ್ರ. ಐಸ್ ಮೇಲೆ ಮರೆತುಹೋಗುತ್ತದೆ. ಅಮ್ಮನಿಗೆ ಹೇಳಬೇಡಿ. ಅಮ್ಮ ಅಪ್ಪನಿಗೆ ಹೇಳುತ್ತಾಳೆ. ಅಪ್ಪ ಕಾರ್ಖಾನೆಯಲ್ಲಿ ಎಲ್ಲರಿಗೂ ನನ್ನ ವಿಷಯ ಹೇಳಿಕೊಂಡು ಬಂದಿದ್ದಾರೆ.

ನಮ್ಮ ತಂಡ ಈಗ ಯಾವ ಸ್ಥಾನದಲ್ಲಿದೆ? ನಮ್ಮ ತಂಡ ಅಂದರೆ ರುದ್ನೋ.

ಲೆನಾರ್ಟ್


ರುದ್ನೋ
೧೮ ನವೆಂಬರ್ ೨೦೧೩

ಉರ್ಬಾನ್,

ನಮ್ಮ ತಂಡ ಯಾವ ಸ್ಥಾನದಲ್ಲಿದೆ ಅಂತ ಲೆನಾರ್ಟ್ ನನಗೆ ಬರೆದು ಕೇಳಿದ್ದಾನೆ. ಯಾವ ಸ್ಥಾನದಲ್ಲೂ ಇಲ್ಲ. ತಂಡವೇ ಇಲ್ಲ. ನೀವು ಮೂವರನ್ನು ಒಯ್ದ ಮೇಲೆ ಆ ವಯಸ್ಸಿನಲ್ಲಿ ಮೈದಾನಕ್ಕಿಳಿಸುವಷ್ಟು ಮಕ್ಕಳು ಉಳಿಯಲಿಲ್ಲ, ಲೀಗಿನವರು ಹೆಸರು ಹೊಡೆದುಹಾಕಿದರು. ಉಳಿದವರು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಮೊಬೈಲು ಒತ್ತುತ್ತಾ ಕೂತಿರುತ್ತಾರೆ. ನಿನ್ನ ಗಾಡಿ ಮಾತ್ರ ದಿನಾ ಐಸ್ ಒರೆಸುತ್ತಿದೆ, ಕನ್ನಡಿಯ ಹಾಗೆ. ಅದರಲ್ಲಿ ಮುಖ ನೋಡಿಕೊಳ್ಳುವುದಕ್ಕೆ ಯಾರೂ ಇಲ್ಲ. ಡ್ರಾಗೋ ಶನಿವಾರ ಸಂಜೆ ಅಲ್ಲಿ ದೀಪ, ಹಾಡು ಹಾಕಿ ಟಿಕೆಟ್ಟು ಮಾರುತ್ತಾನೆ.

ಕ್ಲಬ್ಬಿನ ಸಭೆಯಲ್ಲಿ ಎದ್ದು ನಿಂತೆ. ಎಲ್ಲ ಅಪ್ಪ ಅಮ್ಮಂದಿರ ಮುಂದೆ ಕೇಳಿದೆ, "ಇವನು ಯಾರನ್ನ ಕೇಳಿ ನಿಮ್ಮ ಮಕ್ಕಳನ್ನ ಗಾಡಿಗೆ ಬದಲು ಕೊಟ್ಟ?"

ಡ್ರಾಗೋ ಕೂತಲ್ಲಿಂದಲೇ, "ಐಸ್ ಇಲ್ದೆ ನೀನೇನು ಮಕ್ಕಳನ್ನ ಗಾಳಿ ಮೇಲೆ ಆಡಿಸ್ತಿದ್ಯಾ?" ಅಂದ. ಕೆಲವರು ನಕ್ಕರು.

"ಐಸ್ ಬಂತು, ಮಕ್ಕಳೆಲ್ಲಿ?" ಅಂದೆ. ಯಾರೂ ನಗಲಿಲ್ಲ.

ಆಗ ಎದ್ದವನು ಯಾಕೋಬ್ ಸೂಷ್ನಿಕ್. ಲೆನಾರ್ಟ್‌ನ ಅಪ್ಪ. ಕಾರ್ಖಾನೆಯಲ್ಲಿ ಕ್ರೇನು ನಡೆಸುವವನು, ಸಭೆಯಲ್ಲಿ ಬಾಯಿ ಬಿಟ್ಟವನೇ ಅಲ್ಲ. "ನನ್ನ ಮಗ ಮೇಲೆ ಬರ್ತಿದಾನೆ. ನಿಮಗ್ಯಾಕೆ ಹೊಟ್ಟೆಯುರಿ?" ಅಂದ. ಆಮೇಲೆ ನೆಲ ನೋಡುತ್ತಾ, "ನಿಮಗೆ ನಿಮ್ಮವು ಅಂತ ಇಲ್ಲ. ಅದಕ್ಕೇ ನಮ್ಮ ಮಕ್ಕಳನ್ನ ಬಿಡಕ್ಕಾಗ್ತಿಲ್ಲ" ಅಂದ.

ನಾನು ಕೋಟು ಹಾಕಿಕೊಂಡು ಮನೆಗೆ ನಡೆದೆ.

ಮರುದಿನ ಡ್ರಾಗೋ ನನ್ನನ್ನು ಕೋಚ್ ಕೆಲಸದಿಂದ ನಿಲ್ಲಿಸಿದ. ಕ್ಲಬ್ಬಿನ ಹೆಸರಿಗೆ ಮಸಿ ಬಳಿದೆನಂತೆ. ಸರಿ, ಅಗ್ನಿಶಾಮಕ ದಳದ ಹುಡುಗರನ್ನು ಕೇಳಿದೆ. ಅವರು ನನ್ನ ಹತ್ತಿರ ಕಲಿತವರೇ. ಮುಚ್ಚಿದ ಹಳೇ ಶಾಲೆಯ ಹಿಂದಿನ ಬಯಲಿಗೆ ಪೈಪಿನಿಂದ ನೀರು ಬಿಟ್ಟುಕೊಟ್ಟಿದ್ದಾರೆ. ನಮ್ಮ ಅಪ್ಪನ ಕಾಲದಲ್ಲಿ ಮಾಡುತ್ತಿದ್ದ ಹಾಗೆಯೇ. ಚಳಿ ಬಿಗಿದು ಅದು ಹೆಪ್ಪುಗಟ್ಟಿದರೆ ಮುಂದಿನ ವಾರ ಆಡಬಹುದು. ಐಸ್ ಮೇಲೆ ಎಲೆ ಅಂಟಿರುತ್ತದೆ, ಒಂದು ಮೂಲೆ ಇಳಿಜಾರು. ಆದರೆ ಅದಕ್ಕೆ ನಾವು ಯಾರ ಮಗುವನ್ನೂ ಬರೆದುಕೊಟ್ಟಿಲ್ಲ.

ಇನ್ನೊಂದು ಮಾತು. ಲೆನಾರ್ಟ್‌ನ ಮೊಣಕಾಲು ನೋಡು. ಮಿಕ್ಕಿದ್ದೆಲ್ಲ ನಮ್ಮಿಬ್ಬರ ಜಗಳ, ಇದು ಅಲ್ಲ. ಮೊಣಕಾಲಿನ ಕೆಳಗೆ, ಎಲುಬು ಉಬ್ಬಿರುವ ಜಾಗದಲ್ಲಿ. ಬೆಳೆಯುವ ಹುಡುಗರಿಗೆ ಅಲ್ಲಿ ನೋವು ಬಂದಾಗ ಆಟ ನಿಲ್ಲಿಸಬೇಕು. ನಿನಗೂ ಬಂದಿತ್ತು. ಒಂದು ಇಡೀ ಚಳಿಗಾಲ ನಿನ್ನನ್ನು ಬೆಂಚಿನ ಮೇಲೆ ಕೂರಿಸಿದ್ದೆ, ನೀನು ನನಗೆ ಉಗಿಯುತ್ತಿದ್ದೆ.

ವೀದಾ


ಓಬರ್‌ಹಾಲ್ಡ್
೮ ಡಿಸೆಂಬರ್ ೨೦೧೩

ಅಕ್ಕಾ,

ಡ್ರಾಗೋ ನನಗೆ ಫೋನು ಮಾಡಿದ್ದ. ಪೈಪು, ಬಯಲು, ಪತ್ರಿಕೆಯಲ್ಲಿ ಫೋಟೋ, ಎಲ್ಲಾ ಕೇಳಿದೆ. ನನ್ನ ಅಕ್ಕನೇ ನನ್ನ ಸಂಸ್ಥೆಯ ವಿರುದ್ಧ ಊರನ್ನು ಎತ್ತಿ ಕಟ್ಟುತ್ತಿದ್ದಾಳೆ ಅಂತ ಇಲ್ಲಿಯವರಿಗೂ ಗೊತ್ತಾಗಿದೆ. ಊಟದ ಮನೆಯಲ್ಲಿ ನಾನು ಕೂತರೆ ಮಾತು ನಿಲ್ಲುತ್ತದೆ. ಇಲ್ಲಿ ನಾನೂ ಹೊರಗಿನವನೇ, ಅದನ್ನು ನೀನು ಯಾವತ್ತೂ ಯೋಚಿಸಿಲ್ಲ.

ಮೊಣಕಾಲಿನ ವಿಷಯ. ನಮ್ಮ ಡಾಕ್ಟರು ನೋಡಿದ್ದಾರೆ. ಬೆಳೆಯುವ ನೋವು, ಅಷ್ಟೆ. ಹುಡುಗ ನನ್ನ ಹತ್ತಿರ ಒಂದು ಮಾತೂ ದೂರಿಲ್ಲ. ಹೋದ ಶನಿವಾರ ಎರಡು ಗೋಲು ಹೊಡೆದ. ನೋಯುವ ಕಾಲಿನಲ್ಲಿ ಯಾರಾದರೂ ಎರಡು ಗೋಲು ಹೊಡೆಯುತ್ತಾರೆಯೇ? ನಿನಗೆ ಎಲ್ಲದರಲ್ಲೂ ಹುಳುಕೇ ಕಾಣುತ್ತದೆ.

ಕ್ರಿಸ್‌ಮಸ್ಸಿಗೆ ಬರುವುದಿಲ್ಲ. ಪಂದ್ಯಾವಳಿ ಇದೆ. ಹುಡುಗರನ್ನು ಹೊಸ ವರ್ಷಕ್ಕೆ ನಾಲ್ಕು ದಿನ ಮನೆಗೆ ಬಿಡುತ್ತಿದ್ದೇವೆ.

ಉರ್ಬಾನ್


ರುದ್ನೋ
೭ ಜನವರಿ ೨೦೧೪

ಉರ್ಬಾನ್,

ಲೆನಾರ್ಟ್ ಬಂದಿದ್ದ. ಮಿಲೆನಾ ಕೊಟ್ಟ ಅಕ್ರೋಟಿನ ರೊಟ್ಟಿ ಹಿಡಿದು ಬಯಲಿಗೂ ಬಂದ. ಮಕ್ಕಳೆಲ್ಲ ಅವನ ಜಾಕೆಟ್ಟಿನ ಮೇಲಿದ್ದ ನಿಮ್ಮ ಲಾಂಛನವನ್ನು ಮುಟ್ಟಿ ಮುಟ್ಟಿ ನೋಡಿದರು. "ಬಾರೋ, ಒಂದು ಸುತ್ತು" ಅಂತ ನಮ್ಮ ಗೋಲು ಕಾಯುವ ಹುಡುಗಿ ತಿಂಕಾರಾ ಕರೆದಳು. "ರೆಸ್ಟ್ ತಗೋ ಅಂದಿದ್ದಾರೆ" ಅಂದ. ಸ್ಕೇಟು ತಂದೇ ಇರಲಿಲ್ಲ.

ಹೋಗುವಾಗ ಶಾಲೆಯ ಮೆಟ್ಟಿಲು ಇಳಿಯುವುದನ್ನು ನೋಡಿದೆ. ಮುದುಕರ ಹಾಗೆ, ಕಂಬಿ ಹಿಡಿದು, ಅಡ್ಡಡ್ಡ ಇಳಿದ. ನಾನು ನೋಡುತ್ತಿದ್ದೇನೆ ಅಂತ ಗೊತ್ತಾದಾಗ ನೆಟ್ಟಗೆ ಇಳಿದು ತೋರಿಸಿದ. ಅವನ ಮುಖ ಬಿಳಿಚಿಹೋಗಿತ್ತು.

ಡಾಕ್ಟರು ಏನಂದರು ಅಂತ ಕೇಳಿದೆ. ಡಾಕ್ಟರಲ್ಲವಂತೆ, ಪಟ್ಟಿ ಸುತ್ತುವವನು ಬಂದು ಪಟ್ಟಿ ಸುತ್ತಿ ಹೋದನಂತೆ.

ಮಿಲೆನಾಳ ಮನೆಯ ಬಾಗಿಲು ತಟ್ಟಿ ಹೇಳಿದೆ. ಯಾಕೋಬ್ ಒಳಗಿನಿಂದಲೇ, "ಹೋಗಿ ಬನ್ನಿ ವೀದಾ. ಹೊಸ ವರ್ಷದ ದಿನ ಅಪಶಕುನ ಬೇಡ" ಅಂದ. ಮರುದಿನ ಹುಡುಗನನ್ನು ಅವನೇ ಬಸ್ಸು ಹತ್ತಿಸಿದ.

ನಿನ್ನನ್ನು ಒಂದೇ ಒಂದು ಕೇಳುತ್ತೇನೆ. ಅವನ ಪ್ಯಾಂಟು ಮೇಲೆತ್ತಿಸಿ ನಿನ್ನ ಕಣ್ಣಿಂದ ನೋಡು. ಇದಾದ ಮೇಲೆ ನಾನು ಬರೆಯುವುದಿಲ್ಲ.

ವೀದಾ


ಓಬರ್‌ಹಾಲ್ಡ್
೧೨ ಫೆಬ್ರವರಿ ೨೦೧೪

ಅಕ್ಕಾ,

ಹೇಗೆ ಶುರು ಮಾಡಲಿ ಗೊತ್ತಾಗುತ್ತಿಲ್ಲ. ನಡೆದದ್ದನ್ನು ಹೇಳಿಬಿಡುತ್ತೇನೆ.

ಹೋದ ವಾರದ ಪಂದ್ಯದಲ್ಲಿ ಲೆನಾರ್ಟ್ ಯಾರೂ ತಾಗದೆ ಬಿದ್ದ. ತಿರುಗಿದ, ಬಿದ್ದ. ಮಂಡಿಚಿಪ್ಪಿನ ಕೆಳಗಿನ ಎಲುಬಿನ ತುಂಡು ಕಿತ್ತುಬಂದಿದೆ. ಆಸ್ಪತ್ರೆಯ ಡಾಕ್ಟರು, ನಿಜವಾದ ಡಾಕ್ಟರು, ಎಕ್ಸ್‌ರೇ ತೋರಿಸಿ, "ಈ ಹುಡುಗ ತಿಂಗಳುಗಟ್ಟಲೆ ಈ ಕಾಲಲ್ಲಿ ಆಡಿದಾನೆ. ಯಾರೂ ನೋಡ್ಲಿಲ್ವೇ?" ಅಂತ ಕೇಳಿದರು. ತಿರುಪು ಹಾಕಿ ಜೋಡಿಸಿದ್ದಾರೆ. ನಡೆಯುತ್ತಾನೆ. ಓಡಲೂ ಬಹುದು. ಮೊದಲಿನ ಹಾಗೆ ತಿರುಗುತ್ತಾನೋ ಇಲ್ಲವೋ, ಯಾರೂ ಮಾತು ಕೊಡುತ್ತಿಲ್ಲ.

ನಿನ್ನೆ ಮೀಟಿಂಗು ಆಯಿತು. ಅಕ್ಕಾ, ಅವರು ಅವನ ಕಾಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ದೊಡ್ಡ ಕೋಚು ಕೇಳಿದ್ದು ಒಂದೇ, "ಆ ಮಂಚ ಯಾವತ್ತು ಖಾಲಿಯಾಗುತ್ತೆ?" ನಾರ್ವೆಯಿಂದ ಒಬ್ಬ ಹುಡುಗ ಬರುವವನಿದ್ದಾನೆ. ಲೆನಾರ್ಟ್ "ಬೆಳವಣಿಗೆಯ ಗುರಿ ಮುಟ್ಟಲಿಲ್ಲ" ಅಂತ ಬರೆದು ಕಳಿಸುವುದಂತೆ. ಊರುಗೋಲಿನ ಜೊತೆಗೆ ಬಸ್ಸು ಹತ್ತಿಸುವುದಂತೆ. ಈ ಜನಕ್ಕೆ ಕರುಳು ಅನ್ನುವುದು ಇದೆಯೇ? ಆ ಪಟ್ಟಿ ಸುತ್ತುವವನನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಆ ಕೋಚಿಗೆ ಒಂದು ಇಡೀ ಚಳಿಗಾಲ ಹುಡುಗನ ಹೆಸರು ಹೇಳುವುದಕ್ಕೂ ಬರಲಿಲ್ಲ. ಇಷ್ಟು ದಿನ ಇವರ ಪರವಾಗಿ ನಿನ್ನ ಹತ್ತಿರ ಜಗಳವಾಡಿದೆನಲ್ಲ.

ಬಸ್ಸಿನಲ್ಲಿ ಕಳಿಸುವುದಿಲ್ಲ. ಮುಂದಿನ ವಾರದ ಶನಿವಾರ ನಾನೇ ಕಾರಿನಲ್ಲಿ ಕರೆತರುತ್ತೇನೆ. ಅವರ ಮನೆಗೆ ನೀನು ಬರಬೇಡ. ನಾನೇ ಎದುರಿಸುತ್ತೇನೆ.

ಉರ್ಬಾನ್


ರುದ್ನೋ
೧೪ ಫೆಬ್ರವರಿ ೨೦೧೪

ಕರೆದುಕೊಂಡು ಬಾ. ಕಾಲು ಚಾಚುವುದಕ್ಕೆ ಹಿಂದಿನ ಸೀಟು ಪೂರ್ತಿ ಅವನಿಗೆ ಬಿಡು.

ವೀದಾ


ಓಬರ್‌ಹಾಲ್ಡ್
೨೪ ಫೆಬ್ರವರಿ ೨೦೧೪

ಅಕ್ಕಾ,

ನಿನ್ನನ್ನು ನೋಡದೆ ವಾಪಸು ಬಂದೆ. ಈ ಸಲ ಹೆದರಿ ಅಲ್ಲ. ಸೂಷ್ನಿಕರ ಮನೆಯಿಂದ ಹೊರಬಿದ್ದ ಮೇಲೆ ಯಾರ ಮುಂದೆಯೂ ನಿಲ್ಲುವ ಹಾಗಿರಲಿಲ್ಲ.

ದಾರಿಯುದ್ದಕ್ಕೂ ಹುಡುಗ ಮಲಗಿದ್ದ. ಸುರಂಗ ದಾಟಿ ನಮ್ಮ ಕಡೆಯ ಬೆಟ್ಟ ಕಂಡಾಗ ಮಾತ್ರ ಎದ್ದು ಕೂತ. ಮನೆಯ ಮುಂದೆ ಮಿಲೆನಾ ನಿಂತಿದ್ದಳು. ಅವನನ್ನು ಒಳಗೆ ಕರೆದೊಯ್ದಳು. ಬಾಗಿಲನ್ನು ನನಗಾಗಿ ತೆರೆದೇ ಬಿಟ್ಟಳು. ಒಳಗೆ ಹೋದೆ. ಬಾರ್ಲಿ ಸಾರು ಬಡಿಸಿದಳು, ನನಗೂ. ಯಾಕೋಬ್ ತಲೆಯೆತ್ತದೆ ಉಂಡ. ನಾನೂ ಉಂಡೆ.

ನಾನು ಹೇಳುವುದನ್ನೆಲ್ಲ ಹೇಳಿದೆ. ಕೋಚಿನ ತಪ್ಪು, ಪಟ್ಟಿ ಸುತ್ತುವವನ ತಪ್ಪು, ಅಕಾಡೆಮಿಯ ತಪ್ಪು. ಯಾಕೋಬ್ ಕೇಳಿಸಿಕೊಂಡ. ತಟ್ಟೆ ಪಕ್ಕಕ್ಕೆ ಸರಿಸಿ, "ಆಯ್ತು. ನೀವಾಗೇ ಬಂದ್ರಿ, ಅದೊಂದು. ಬೇರೆಯವರ ಮಕ್ಕಳು ಬಸ್ಸಲ್ಲಿ ಬಂದ್ವು" ಅಂದ. ಆಮೇಲೆ ಮಗನ ಕಡೆ ನೋಡಿ, "ಇವನ ಎದುರಿಗೇ ಒಂದು ಹೇಳಿ. ಇವನು ಚೆನ್ನಾಗಿ ಆಡ್ತಿದ್ನಾ?"

"ಚೆನ್ನಾಗಿ ಆಡ್ತಿದ್ದ" ಅಂದೆ.

"ನೀವು ನೋಡಿದ ಹುಡುಗರಲ್ಲಿ?"

"ಎಲ್ಲರಿಗಿಂತ."

"ಮತ್ತೆ ಯಾಕೆ ಇಲ್ಲಿದಾನೆ?"

ನಾನು ತಟ್ಟೆಯಲ್ಲಿ ಚಮಚ ಆಡಿಸುತ್ತಾ ಕೂತೆ. ಯಾಕೋಬ್ ಎದ್ದು ನನ್ನ ಕೋಟು ತಂದುಕೊಟ್ಟ. ಕೋಪದಿಂದಲ್ಲ, ಚಳಿಯಲ್ಲಿ ಹೊರಟವರಿಗೆ ಕೊಡುವ ಹಾಗೆ. ಲೆನಾರ್ಟ್ ಆಗಲೂ ನನ್ನನ್ನೇ ನೋಡುತ್ತಿದ್ದ, ಇನ್ನೂ ಏನೋ ಕೇಳಬೇಕೆನ್ನುವವನ ಹಾಗೆ.

ಉರ್ಬಾನ್


ರುದ್ನೋ
೧೩ ಏಪ್ರಿಲ್ ೨೦೧೪

ಉರ್ಬಾನ್,

ಇನ್ನು ಬರೆಯುವುದಿಲ್ಲ ಅಂದಿದ್ದೆ. ಆದರೆ ಇದು ನಿನಗೆ ಡ್ರಾಗೋ ಬಾಯಿಂದ ಗೊತ್ತಾಗುವುದು ಬೇಡ.

ಮುಂದಿನ ವರ್ಷಕ್ಕೆ ಇನ್ನಿಬ್ಬರು ಹುಡುಗರ ಹೆಸರು ಕೇಳಿ ನಿಮ್ಮಿಂದ ಕಾಗದ ಬಂತಲ್ಲ. ಲೆನಾರ್ಟ್‌ನ ಊರುಗೋಲು ಇನ್ನೂ ಬಾಗಿಲ ಮೂಲೆಯಲ್ಲಿದೆ, ಅಷ್ಟರಲ್ಲೇ ಕಾಗದ. ಡ್ರಾಗೋ ಅದನ್ನು ಸಭೆಯಲ್ಲಿ ಹೆಮ್ಮೆಯಿಂದ ಓದಿದ. ಓದಿ ಮುಗಿಯುವುದಕ್ಕೆ ಮುಂಚೆ ಯಾಕೋಬ್ ಎದ್ದ.

"ಆ ಒಪ್ಪಂದದಲ್ಲಿ ಗಾಡಿ ವಾಪಸ್ ಕೊಟ್ರೆ ಏನಾಗುತ್ತೆ ಅಂತಿದೆ?"

"ಯಾಕೆ ಕೊಡ್ತೀಯಾ ಮಾರಾಯ?" ಅಂದ ಡ್ರಾಗೋ.

"ಕೇಳಿದ್ದಕ್ಕೆ ಹೇಳು."

"ಒಪ್ಪಂದ ರದ್ದು. ಆದ್ರೆ ಐಸ್? ಬರೋ ಚಳಿಗಾಲಕ್ಕೆ ಏನು ಮಾಡ್ತೀರಿ?"

"ಈ ಚಳಿಗಾಲ ಏನು ಮಾಡಿದ್ವಿ?" ಅಂತ ಹಿಂದಿನಿಂದ ಯಾರೋ ಅಂದರು. ಅಗ್ನಿಶಾಮಕದ ಹುಡುಗರಿರಬೇಕು.

ತಿಂಕಾರಾಳ ತಾಯಿ ಎದ್ದು ನಿಂತಳು. "ನನ್ನ ಮಗಳು ಗೋಲಿನಲ್ಲಿ ನಿಂತ್ರೆ ಈ ಊರಿನ ಒಬ್ಬ ಹುಡುಗ ಪಕ್ ದಾಟಿಸಲಾರ. ಅವಳನ್ನ ಅವರು ಕೇಳ್ಲೂ ಇಲ್ಲ. ಹುಡುಗಿ ಆದ್ರೆ ಒಂದು ಗಾಡಿ ಚಕ್ರಕ್ಕೂ ಸಮ ಇಲ್ವಾ?" ಎಲ್ಲರೂ ನಕ್ಕರು. ಬಹಳ ದಿನದ ಮೇಲೆ ಆ ಕೋಣೆಯಲ್ಲಿ ಒಳ್ಳೆಯ ನಗು. ಅವಳು ನಗಲಿಲ್ಲ.

ಕೈಯೆತ್ತಿಸಿದರು. ಎತ್ತದವರೂ ಇದ್ದರು, ಸುಳ್ಳು ಹೇಳುವುದಿಲ್ಲ. ತಮ್ಮ ಹುಡುಗನ ಹೆಸರು ಮುಂದಿನ ವರ್ಷವಾದರೂ ಬಂದೀತು ಅಂತ ಕಾದಿದ್ದವರು. ಅವರ ಮೇಲೆ ನನಗೆ ಕೋಪವಿಲ್ಲ. ಗಾಡಿ ವಾಪಸು ಅಂತ ತೀರ್ಮಾನವಾಯಿತು. ಡ್ರಾಗೋ ಬೀಗದ ಕೈ ಮೇಜಿನ ಮೇಲೆ ಎಸೆದು ಹೋದ. ಮಾರನೆಯ ದಿನ ಅಂಗಡಿಯನ್ನೂ ತೆರೆಯಲಿಲ್ಲ.

ಶುಕ್ರವಾರ ಯಾಕೋಬ್ ಕಾರ್ಖಾನೆಯಿಂದ ಚಿಕ್ಕ ಕ್ರೇನು ಕೇಳಿ ತಂದ. ಗಾಡಿಯ ಹೊಟ್ಟೆಯಡಿ ಪಟ್ಟಿ ಹಾಕಿ ಎತ್ತಿ ಲಾರಿಯ ಮೇಲೆ ಇಳಿಸಿದ. ಎಷ್ಟು ಮೆಲ್ಲಗೆ ಅಂದರೆ, ಮೇಲೆ ಮೊಟ್ಟೆಯಿಟ್ಟಿದ್ದರೂ ಉರುಳುತ್ತಿರಲಿಲ್ಲ. ಕೆಳಗಿಳಿದು ಬಂದು ನನ್ನ ಪಕ್ಕ ನಿಂತ. "ಆವತ್ತು ನಾನು ಸಭೇಲಿ..." ಅಂತ ಶುರು ಮಾಡಿದ. "ಲಾರಿಯವನು ಕಾಯ್ತಿದಾನೆ, ಹಗ್ಗ ಬಿಗಿ" ಅಂದೆ. ಬಿಗಿದ.

ಲೆನಾರ್ಟ್ ಅಲ್ಲಿರಲಿಲ್ಲ. ಐಸ್ ಇದ್ದಷ್ಟು ದಿನವೂ ಬಯಲಿನ ಕಡೆ ಬರಲಿಲ್ಲ. ನಾನು ಕರೆದೂ ಇಲ್ಲ. ತನ್ನ ಸ್ಕೇಟುಗಳನ್ನು ಯಾರಿಗೋ ಕೊಟ್ಟುಬಿಟ್ಟನಂತೆ. ನಿಮ್ಮವರಿಗೆ ಇದನ್ನೂ ಹೇಳು. 'ಗುರಿ ಮುಟ್ಟಲಿಲ್ಲ' ಅಂತ ಬರೆದ ಕಡೆ ಇದನ್ನೂ ಬರೆದುಕೊಳ್ಳಲಿ.

ವೀದಾ


ಓಬರ್‌ಹಾಲ್ಡ್
೪ ಮೇ ೨೦೧೪

ಅಕ್ಕಾ,

ಕೆಲಸ ಬಿಟ್ಟೆ. ಬಿಡಿಸಿದರು ಅಂತ ಡ್ರಾಗೋ ಹೇಳಿದರೆ ನಂಬಬೇಡ, ನಾನೇ ಬಿಟ್ಟೆ. ಆ ಕಾಗದ, ಇನ್ನಿಬ್ಬರನ್ನು ಕೇಳಿದ್ದು, ನನ್ನ ಬೆನ್ನ ಹಿಂದೆ ಕಳಿಸಿದ್ದು. ಗೊತ್ತಾದ ದಿನ ದೊಡ್ಡ ಕೋಚಿನ ಮುಖಕ್ಕೆ ಹೇಳಬೇಕಾದ್ದೆಲ್ಲ ಹೇಳಿದೆ. ನಮ್ಮ ಪುಟ್ಟ ದೇಶಗಳನ್ನು ಇವರು ಬೀಜದ ಅಂಗಡಿ ಅಂದುಕೊಂಡಿದ್ದಾರೆ. ಹತ್ತು ಬಿತ್ತಿ ಒಂದು ಮೊಳೆತರೆ ಸಾಕು, ಉಳಿದ ಒಂಬತ್ತು ಕೊಳೆತರೆ ಇವರ ನೆಲಕ್ಕೇನು ನಷ್ಟ?

ಊರಿಗೆ ಬರುತ್ತೇನೆ. ನಿನ್ನ ಜೊತೆ ಸೇರಿ ಮಕ್ಕಳಿಗೆ ಕಲಿಸಬೇಕು ಅಂತಿದ್ದೇನೆ. ಇಲ್ಲಿ ಕಲಿತದ್ದರಲ್ಲಿ ಒಳ್ಳೆಯದೂ ಇದೆ, ಅದಾದರೂ ನಮ್ಮವರಿಗೆ ಸಿಗಲಿ. ಬರಲೇ? ನೀನು ಹೂಂ ಅಂದರೆ ನಾಳೆಯೇ ಹೊರಡುತ್ತೇನೆ.

ನಿನ್ನ ತಮ್ಮ,
ಉರ್ಬಾನ್


ರುದ್ನೋ
೧೧ ಮೇ ೨೦೧೪

ಉರ್ಬಾನ್ ಸರ್,

ನೀವು ವೀದಾ ಅತ್ತೆಗೆ ಬರೆದ ಕಾಗದವನ್ನು ಅವರು ನಮ್ಮ ಮನೆಗೆ ತಂದು, "ಇದಕ್ಕೆ ಉತ್ತರ ನಾನು ಬರೆಯೋದು ಸರಿಯಲ್ಲ, ನೀನೇ ಬರಿ" ಅಂದರು. ಮನೆಗೆ ಯಾವಾಗ ಬೇಕಾದರೂ ಬರಬಹುದಂತೆ, ಅದಕ್ಕೆ ಕೇಳಬೇಕಿಲ್ಲವಂತೆ. ಮಕ್ಕಳಿಗೆ ಕಲಿಸುವುದನ್ನು ಮಾತ್ರ ನನ್ನನ್ನು ಕೇಳಬೇಕಂತೆ. ನನಗೆ ಏನು ಬರೆಯಬೇಕು ಅಂತ ಮೂರು ದಿನ ಗೊತ್ತಾಗಲಿಲ್ಲ.

ಕಾಲು ಪರವಾಗಿಲ್ಲ. ಮೆಟ್ಟಿಲು ಇಳಿಯುತ್ತೇನೆ.

ನೀವು ಕಾರಿನಲ್ಲಿ ನನ್ನನ್ನು ಕರೆತಂದಿರಿ. ಅದಕ್ಕೆ ಥ್ಯಾಂಕ್ಸ್. ದಾರಿಯಲ್ಲಿ ನಾನು ನಿದ್ದೆ ಮಾಡಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದೆ. ನೀವು ಮಾತಾಡುತ್ತೀರೇನೋ ಅಂತ ಕಾಯುತ್ತಿದ್ದೆ. ಆಮೇಲೆ ನಮ್ಮ ಅಡುಗೆಮನೆಯಲ್ಲೂ ಕಾದೆ. ನೀವು ಅಪ್ಪನ ಮುಂದೆ ಕೋಚನ್ನು ಬೈದಿರಿ, ಪಟ್ಟಿ ಸುತ್ತುವವನನ್ನು ಬೈದಿರಿ. ಎಲ್ಲಾ ನಿಜವೇ. ಆದರೆ ಅವರ ಭಾಷೆ ನನಗೆ ಬರುತ್ತಿರಲಿಲ್ಲ. ನಾನು ಹೇಳಿದ್ದು ನಿಮಗೆ.

ಅಕ್ಟೋಬರಿನಲ್ಲಿ ನಿಮ್ಮ ಕೋಣೆಗೆ ಬಂದಿದ್ದೆ. ಮೊಣಕಾಲು ತುಂಬಾ ನೋಯ್ತಿದೆ ಸರ್, ಅಂದೆ. ನೀವು ಕಂಪ್ಯೂಟರ್ ನೋಡುತ್ತಾ, "ಯಾರಿಗೆ ನೋಯಲ್ಲ ಲೆನಾರ್ಟ್? ಇಲ್ಲಿ ಅಳೋರನ್ನ ವಾಪಸ್ ಕಳಿಸ್ತಾರೆ" ಅಂದಿರಿ. ನವೆಂಬರಿನಲ್ಲಿ ಇನ್ನೊಮ್ಮೆ ಬಂದೆ. ಆಗ ನೀವು ಫೋನಿನಲ್ಲಿದ್ದಿರಿ, ಕೈ ಅಲ್ಲಾಡಿಸಿ ಹೋಗು ಅಂದಿರಿ. ಮೂರನೇ ಸಲ ನಾನು ಬರಲಿಲ್ಲ.

ಇದನ್ನು ಅಮ್ಮನಿಗೂ ಹೇಳಿಲ್ಲ, ವೀದಾ ಅತ್ತೆಗೂ ಹೇಳಿಲ್ಲ. ಈ ಕಾಗದವನ್ನು ಅಂಟಿಸಿ ನಾನೇ ಅಂಚೆ ಡಬ್ಬಿಗೆ ಹಾಕುತ್ತೇನೆ. ಅವರು ನಿಮ್ಮ ಅಕ್ಕ, ನೀವೇ ಹೇಳಬೇಕು.

ನೀವು ಚೆನ್ನಾಗಿ ಕಲಿಸುತ್ತೀರಿ ಅಂತ ನನಗೆ ಗೊತ್ತು. ತಿರುಗುವಾಗ ಮೈಯ ತೂಕವನ್ನು ಹೊರಗಿನ ಕಾಲಿಗೆ ಹಾಕುವುದನ್ನು ನೀವೇ ನನಗೆ ತೋರಿಸಿದ್ದು, ಅದು ಯಾರಿಗೂ ಇಲ್ಲಿ ಬರುವುದಿಲ್ಲ. ಬರುವುದಾದರೆ ಯಾವುದಾದರೂ ಸೋಮವಾರ ಸಂಜೆ ಶಾಲೆಯ ಹಿಂದಕ್ಕೆ ಬನ್ನಿ. ಈಗ ಐಸ್ ಇಲ್ಲ, ಮಕ್ಕಳು ಚೆಂಡಿನಲ್ಲಿ ಆಡುತ್ತಾರೆ. ಆವತ್ತು ಚಿಕ್ಕವರೆಲ್ಲ ಇರುತ್ತಾರೆ, ಅವರ ಅಪ್ಪ ಅಮ್ಮಂದಿರೂ ಇರುತ್ತಾರೆ. ನಾನೂ ಬರುತ್ತೇನೆ. ನಾನು ನಿಮಗೆ ಏನು ಹೇಳಿದೆ, ನೀವು ನನಗೆ ಏನು ಹೇಳಿದಿರಿ, ಎರಡನ್ನೂ ಅವರ ಮುಂದೆ ನೀವೇ ಹೇಳಿ.

ಆಮೇಲೆ ನಿಮ್ಮ ಹತ್ತಿರ ಕಲಿಯಬೇಕೋ ಬೇಡವೋ ಅಂತ ಆ ಚಿಕ್ಕವರನ್ನೇ ಕೇಳೋಣ.

ಲೆನಾರ್ಟ್ ಸೂಷ್ನಿಕ್